ಅಮಾಸಿ ದಿನದ ಬಿಸಿನೀರು

ನನ್ನ ತಮ್ಮನಿಗೆ ಮೊದಲ ಸಲ ಫಿಟ್ಸ್ ಬಂದಾಗ ಅವನ ತಲೆಗೆ ನೀರು ಎರೆಯುತ್ತಿದ್ದವಳು ನಾನೇ.

1986ರ ಚಳಿಗಾಲ. ನನಗೆ ಹದಿಮೂರು ವರ್ಷ, ಅವನಿಗೆ ಏಳು. ನಮ್ಮ ಯರಗುಪ್ಪಿ ಎರೆಹೊಲದ ಊರು. ಹತ್ತಿ ಬಿಡಿಸಿ ಮುಗಿದ ಮೇಲೆ ಒಣಗಿದ ಕಟಗಿಯೆಲ್ಲ ಬಚ್ಚಲ ಒಲೆಗೇ ಬರುತ್ತಿತ್ತು. ಹಂಡೆಯ ನೀರು ಕೈ ಇಟ್ಟರೆ ಚುರ್ರೆನ್ನುವಷ್ಟು ಕಾದಿರಬೇಕು, ಇಲ್ಲದಿದ್ದರೆ ಎರೆದುಕೊಂಡ ಹಾಗಲ್ಲ ಎಂಬುದು ನಮ್ಮ ಆಯಿಯ ಮಾತು. ಅವ್ವ ಅವನ ನೆತ್ತಿಗೆ ಎಣ್ಣೆ ತಟ್ಟಿ, ಸೀಗೆಪುಡಿ ಕಲಸಿಟ್ಟು ಬುತ್ತಿ ಕಟ್ಟಲು ಒಳಗೆ ಹೋಗಿದ್ದಳು. ತಂಬಿಗೆ ನನ್ನ ಕೈಯಲ್ಲಿತ್ತು.

"ಯಕ್ಕಾ, ಇನ್ನೊಂದ ಹಾಕಬೇ" ಎಂದ. ಹಾಕಿದೆ. "ಇನ್ನೊಂದ" ಎಂದ. ಅವನಿಗೆ ಹಿತವಾಗಿದೆ ಅಂದುಕೊಂಡು ಬಿಡದೆ ಸುರಿದೆ. ಆರನೆಯದೋ ಏಳನೆಯದೋ ತಂಬಿಗೆಗೆ ಅವನ ದನಿ ನಿಂತಿತು. ಕಣ್ಣು ತೆರೆದೇ ಇದ್ದವು, ಗೋಡೆಗೆ ನೆಟ್ಟಿದ್ದವು. ಬಾಯಿ ಏನನ್ನೋ ಚಪ್ಪರಿಸುತ್ತಿತ್ತು. ಬಲಗೈ ಬೆರಳುಗಳು ಅಕ್ಕಿಯೊಳಗಿನ ಹರಳು ಆರಿಸುವಂತೆ ತೊಡೆಯ ಮೇಲೆ ಆಡುತ್ತಿದ್ದವು. ಹೆಸರು ಹಿಡಿದು ಕರೆದೆ, ಓ ಅನ್ನಲಿಲ್ಲ. ಆಮೇಲೆ ಮೈಯೆಲ್ಲ ಸೆಟೆದು ಬಚ್ಚಲ ಕಲ್ಲಿನ ಮೇಲೆ ಉರುಳಿದ. ಕೈಕಾಲು ಬಡಿಯತೊಡಗಿದವು.

ನಾನು ಚೀರಿದ್ದಕ್ಕೆ ಓಣಿಯೇ ಸೇರಿತು. ಒಬ್ಬರು ಕೈಗೆ ಕೀಲಿಕೈ ಹಿಡಿಸಿದರು, ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಮತ್ತೊಬ್ಬರು ಹಲ್ಲಿನ ನಡುವೆ ಚಮಚ ತುರುಕಿದರು. ತುಟಿ ಹರಿದು ರಕ್ತ ಬಂತು. ಎರಡು ನಿಮಿಷಕ್ಕೆ ಬಡಿತ ತಾನಾಗಿಯೇ ನಿಂತಿತು. ಅರ್ಧ ತಾಸು ಮಂಕಾಗಿ ಕೂತಿದ್ದ. ಅವನ ತಲೆ ಒರೆಸುತ್ತಿದ್ದಾಗ ಮೆಲ್ಲಗೆ ಕೇಳಿದ: "ಯಕ್ಕಾ, ನಂಗ ಎರದು ಮುಗಿಸಿದೇನ?"

ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ. ನಾವೆಲ್ಲ ಕಂಡದ್ದನ್ನು ಅವನೊಬ್ಬನೇ ಕಂಡಿರಲಿಲ್ಲ.

ಮುಂದಿನ ಮೂರು ವರ್ಷ ಅದು ಬರುತ್ತ ಹೋಗುತ್ತ ಇತ್ತು. ಆಯಿ ಒಂದು ಲೆಕ್ಕ ಹಿಡಿದಿದ್ದಳು. "ಅಮಾಸಿ, ಹುಣ್ಣಿಮಿಗೆ ತಪ್ಪದ ಬರತೈತಿ. ಇದು ಹೊರಗಿಂದ" ಎನ್ನುತ್ತಿದ್ದಳು. ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಒಬ್ಬ ವೈದ್ಯರಂತೂ ಎರಡು ನಿಮಿಷ ನೋಡಿ, ಹುಡುಗ ಸಾಲೆ ತಪ್ಪಿಸಲು ಆಟ ಹೂಡಿದ್ದಾನೆ ಎಂದು ಅಪ್ಪನನ್ನೇ ಗದರಿಸಿ ಕಳಿಸಿದರು. ಅಮಾಸಿ ದಿನ ಎರೆದುಕೊಂಡು ಸಾಲೆಗೆ ಹೋದರೆ ಮಧ್ಯಾಹ್ನದವರೆಗೂ ಮಗ್ಗಿ ನೆನಪಾಗುತ್ತಿರಲಿಲ್ಲ, ಕರೆದರೆ ತಡವಾಗಿ ತಿರುಗುತ್ತಿದ್ದ. ದಡ್ಡ ಎಂಬ ಹೆಸರು ಬಂತು, ಬೆನ್ನ ಮೇಲೆ ಬಾಸುಂಡೆಯೂ ಬಂತು. ಫಿಟ್ಸ್ ಬಂದುಹೋದ ಮಿದುಳು ಚೇತರಿಸಿಕೊಳ್ಳಲು ತಾಸುಗಟ್ಟಲೆ ಹಿಡಿಯಬಹುದು ಎಂದು ಆಗ ನಮಗೆ ಯಾರೂ ಹೇಳಿರಲಿಲ್ಲ.

1989ರಲ್ಲಿ ಸೋದರಮಾವನ ಒತ್ತಾಯಕ್ಕೆ ಹುಬ್ಬಳ್ಳಿಯ ನರರೋಗ ವೈದ್ಯರೊಬ್ಬರ ಬಳಿಗೆ ಹೋದೆವು. ಅಪ್ಪ ಹೇಳಿದ, ಅವ್ವ ಅತ್ತಳು. ವೈದ್ಯರು ತಮ್ಮನನ್ನು ಕೇಳಿದರು, ಅವನಿಗೆ ಏನೂ ಗೊತ್ತಿರಲಿಲ್ಲ. ಆಗ ಅವರು ಬಾಗಿಲ ಬಳಿ ನಿಂತಿದ್ದ ನನ್ನತ್ತ ತಿರುಗಿದರು. "ನೀ ನೋಡೀಯೇನವಾ? ಬೀಳೂಕಿಂತ ಮೊದಲ ಏನ ಮಾಡ್ತಿದ್ದ?"

ಮೂರು ವರ್ಷದಲ್ಲಿ 'ಮೊದಲು' ಏನಾಯಿತು ಎಂದು ಯಾರೂ ಕೇಳಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ: ಇನ್ನೊಂದು, ಇನ್ನೊಂದು ಎಂದು ಬೇಡಿದ್ದು, ಚಪ್ಪರಿಸಿದ್ದು, ಹರಳು ಆರಿಸಿದ್ದು. ಬೇರೆ ದಿನ ಮೈಗಷ್ಟೇ ಬಿಸಿನೀರು ಹಾಕಿಕೊಂಡರೆ ಏನೂ ಆಗುವುದಿಲ್ಲ ಎಂಬುದು ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ನಮ್ಮ ಮನೆಯಲ್ಲಿ ತಲೆಗೆ ಎರೆದುಕೊಳ್ಳುತ್ತಿದ್ದದ್ದು ಅಮಾಸಿ, ಹುಣ್ಣಿಮೆ, ಹಬ್ಬಗಳಿಗೆ. ಆಯಿಯ ಲೆಕ್ಕ ಸರಿಯೇ ಇತ್ತು. ಆದರೆ ಅವಳು ಆಕಾಶದ ಕಡೆ ನೋಡಿದ್ದಳು, ಕಾರಣ ಹಂಡೆಯಲ್ಲಿತ್ತು.

ವೈದ್ಯರು ಇದಕ್ಕೆ ಬಿಸಿನೀರಿನ ಅಪಸ್ಮಾರ ಎಂದರು. ಜಗತ್ತಿನ ಬಹಳ ಕಡೆ ಅಪರೂಪವಾದ ಇದು ನಮ್ಮ ಕರ್ನಾಟಕದಲ್ಲಿ ಹೆಚ್ಚು ಕಾಣುತ್ತದೆ. 1945ರಲ್ಲಿ ನ್ಯೂಜಿಲೆಂಡಿನ ಒಬ್ಬ ಹುಡುಗನಲ್ಲಿ ಇದನ್ನು ಮೊದಲು ಗುರುತಿಸಿದರಂತೆ. ಬೆಂಗಳೂರಿನ ನರತಜ್ಞ ಡಾ. ಕೆ. ಎಸ್. ಮಣಿ ಅವರು 1968ರಲ್ಲೇ ಇಲ್ಲಿನ ರೋಗಿಗಳ ಬಗ್ಗೆ ಬರೆದಿದ್ದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದ್ದು 1988ರಲ್ಲಿ, ಅಂದರೆ ನಾವು ಹುಬ್ಬಳ್ಳಿಗೆ ಹೋಗುವ ಹಿಂದಿನ ವರ್ಷ. ಮುಂದೆ ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿದಾಗ ಅಲ್ಲೂ ಇದು ಕಂಡಿತು. ಗಂಡುಮಕ್ಕಳಲ್ಲೇ ಹೆಚ್ಚು, ಶುರುವಾಗುವುದು ಬಹುತೇಕ ಎಳೆಯ ವಯಸ್ಸಿನಲ್ಲಿ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುತ್ತದೆ. ಇದನ್ನೆಲ್ಲ ನಾನು ಶಿಕ್ಷಕಿಯಾದ ಮೇಲೆ ಹುಡುಕಿ ಓದಿ ತಿಳಿದುಕೊಂಡೆ.

ಮಿದುಳಿನ ಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಿಂದ ಮಾತಾಡಿಕೊಳ್ಳುತ್ತವೆ. ಒಂದು ಭಾಗದ ಕೋಶಗಳೆಲ್ಲ ಹದ ತಪ್ಪಿ ಒಮ್ಮೆಗೇ ಮಿಡಿದರೆ ಫಿಟ್ಸ್ ಬರುತ್ತದೆ. ಮೈಯ ಶಾಖವನ್ನು ನೋಡಿಕೊಳ್ಳುವ ವ್ಯವಸ್ಥೆ ಕೆಲವರಲ್ಲಿ ಹುಟ್ಟಿನಿಂದಲೇ ತೀರ ಸೂಕ್ಷ್ಮವಿರಬಹುದು ಎಂದು ತಜ್ಞರು ಊಹಿಸುತ್ತಾರೆ. ಅಂಥವರ ನೆತ್ತಿಗೆ 40ರಿಂದ 50 ಡಿಗ್ರಿಯ ನೀರು ಬಿಡುವಿಲ್ಲದೆ ಬಿದ್ದರೆ ಕಿವಿಯ ಹತ್ತಿರದ ಮಿದುಳ ಭಾಗ ಕೆರಳುತ್ತದೆ. ಎಚ್ಚರ, ನೆನಪು, ಭಾವನೆ ಸೇರುವ ಜಾಗ ಅದು. ಅದಕ್ಕೇ ಕಣ್ಣು ತೆರೆದಿದ್ದರೂ ಅವನಿಗೆ ಎಚ್ಚರವಿರಲಿಲ್ಲ, ಬಾಯಿ ಕೈಗಳು ಅವನ ಹುಕುಮಿಲ್ಲದೆ ಆಡಿದವು, ಆ ಹೊತ್ತಿನ ನೆನಪೂ ಉಳಿಯಲಿಲ್ಲ. ಕೆರಳಿದ್ದು ಮಿದುಳಿನ ಎರಡೂ ಬದಿಗೆ ಹರಡಿದಾಗ ಮೈ ಸೆಟೆದು ಕೈಕಾಲು ಬಡಿದವು. ಇನ್ನಷ್ಟು ನೀರು ಬೇಕೆಂದು ಹಟ ಹಿಡಿದದ್ದೂ ಆ ರೋಗದ್ದೇ ಕುರುಹು. ಕೆಲವರಿಗೆ ಫಿಟ್ಸ್‌ನ ಮೊದಲ ಗಳಿಗೆ ಸುಖವೆನಿಸಿ, ಎಚ್ಚರ ತಪ್ಪುವವರೆಗೂ ಸುರಿದುಕೊಳ್ಳುತ್ತಲೇ ಇರುತ್ತಾರೆ. ನಾನು ಮುದ್ದು ಅಂದುಕೊಂಡದ್ದು ಆಗಲೇ ಶುರುವಾಗಿದ್ದ ಬೇನೆ.

ವೈದ್ಯರು ಹೇಳಿದ ಮೊದಲ ಔಷಧಕ್ಕೆ ದುಡ್ಡು ಬೇಕಿರಲಿಲ್ಲ. ನೀರು ಉಗುರುಬೆಚ್ಚಗಿರಲಿ, ತಲೆಗೆ ಧಾರೆ ಸುರಿಯಬೇಡಿ, ಒದ್ದೆ ಬಟ್ಟೆಯಿಂದ ತೊಳೆಯಿರಿ, ನಡುನಡುವೆ ಬಿಡುವು ಕೊಡಿ, ಬಚ್ಚಲಿಗೆ ಅಗಳಿ ಹಾಕಬೇಡಿ. ಅದರ ಜತೆ ಕೆಲವು ವರ್ಷ ಮಾತ್ರೆಯನ್ನೂ ಕೊಟ್ಟರು. ಈಗ ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ತಾಸು ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವುದುಂಟು. ಬಿಸಿನೀರಿಲ್ಲದೆಯೂ ಫಿಟ್ಸ್ ಬರತೊಡಗಿದರೆ ದಿನವೂ ಮಾತ್ರೆ ಬೇಕಾಗುತ್ತದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ನನ್ನ ತಮ್ಮನಿಗೆ ಹೈಸ್ಕೂಲು ಮುಗಿಯುವ ಹೊತ್ತಿಗೆ ಫಿಟ್ಸ್ ನಿಂತಿತ್ತು.

ನಿಲ್ಲದೇ ಉಳಿದದ್ದು ಜನರ ಬಾಯಿ. ಅವನಿಗೆ ಹೆಣ್ಣು ನೋಡುವಾಗ, "ಮೂರ್ಛೆ ಬ್ಯಾನಿ ಇದ್ದಂವಗ ಕೊಟ್ರ ಲಗ್ನ ನಿಲ್ಲೂದಿಲ್ಲ, ಕಾಯ್ದೇನ ಐತಿ" ಎಂದು ಯಾರೋ ಹಬ್ಬಿಸಿದರು. ಹಿಂದೆ ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರದ ಮಾತು ಇದ್ದದ್ದು ನಿಜ. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಆ ಸುದ್ದಿ ಹಳ್ಳಿಗೆ ತಲುಪಿರಲಿಲ್ಲ, ನಾನೇ ಹೋಗಿ ಬೀಗರಿಗೆ ಹೇಳಿದೆ. ಮುಚ್ಚಿಟ್ಟು ಮದುವೆ ಮಾಡೋಣವೆಂದ ಹಿರಿಯರ ಮಾತಿಗೆ ನಾನು ಒಪ್ಪಲಿಲ್ಲ. ಎಲ್ಲ ಕೇಳಿದ ಮೇಲೂ ಹೂಂ ಅಂದ ಮನೆಯಿಂದಲೇ ನಮ್ಮ ಸೊಸೆ ಬಂದಳು. ಮುಚ್ಚಿಟ್ಟ ಮನೆಗಳಲ್ಲಿ ಮಾತ್ರೆಯನ್ನೂ ಮುಚ್ಚಿಟ್ಟು ನುಂಗಬೇಕಾಗುತ್ತದೆ, ಒಂದು ದಿನ ತಪ್ಪುತ್ತದೆ, ಫಿಟ್ಸ್ ಮರಳಿ ಬರುತ್ತದೆ. ಅದನ್ನು ಬೇರೆ ಕಡೆ ಕಣ್ಣಾರೆ ಕಂಡಿದ್ದೇನೆ.

ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಒಂದೇ. ಇಂಥ ಮಿದುಳಿನ ಬೇನೆಯಲ್ಲಿ ರೋಗಿ ತನ್ನ ರೋಗವನ್ನು ಎಷ್ಟೋ ಸಲ ತಾನು ಹೇಳಲಾರ. ಎಚ್ಚರವೇ ತಪ್ಪಿದ ಹೊತ್ತನ್ನು ಅವನು ಹೇಗೆ ಹೇಳಿಯಾನು? ಆ ಹೊತ್ತು ಅವನ ನೆನಪು ನಾವಾಗಬೇಕು. ಹೊಟ್ಟೆನೋವಾದರೆ ಬೊಟ್ಟು ಮಾಡಿ ತೋರಿಸಬಹುದು. ಇಲ್ಲಿ ನೋಡಿದವರ ಮಾತೇ ಅರ್ಧ ಪರೀಕ್ಷೆ. ಎಲ್ಲಿದ್ದ, ಏನು ಮಾಡುತ್ತಿದ್ದ, ಮೊದಲು ಯಾವ ಕಡೆಯ ಕೈ ಆಡಿತು, ಕಣ್ಣು ಎತ್ತ ಹೊರಳಿತು, ಎಷ್ಟು ನಿಮಿಷ, ಆಮೇಲೆ ಮಾತು ಯಾವಾಗ ಬಂತು. ದೇವರು ಗಾಳಿ ಎಂದು ಹೆಸರಿಡುವ ಮೊದಲು ಇಷ್ಟನ್ನು ಬರೆದಿಟ್ಟುಕೊಂಡರೆ ಎಷ್ಟೋ ವರ್ಷ ಉಳಿಯುತ್ತವೆ. ಈಗಂತೂ ಕೈಯಲ್ಲಿ ಮೊಬೈಲ್ ಇದೆ, ವಿಡಿಯೋ ತೆಗೆದು ವೈದ್ಯರಿಗೆ ತೋರಿಸಬಹುದು.

ನನ್ನ ತರಗತಿಯಲ್ಲಿ ಮಗುವೊಂದು ಪಾಠದ ನಡುವೆ ಆಗಾಗ ಹತ್ತಿಪ್ಪತ್ತು ಸೆಕೆಂಡು ನೆಟ್ಟನೋಟದಲ್ಲಿ ಉಳಿದರೆ ನಾನು ಕೋಲಿನ ಕಡೆ ನೋಡುವುದಿಲ್ಲ, ಗಡಿಯಾರದ ಕಡೆ ನೋಡುತ್ತೇನೆ. ಯಾರಿಗಾದರೂ ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದು ಇಟ್ಟು, ಬಾಯಿಗೆ ಏನೂ ಹಾಕದೆ ಪಕ್ಕದಲ್ಲಿ ಕೂರಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ನಮ್ಮ ಸಾಲೆಯ ಮಕ್ಕಳಿಗೆಲ್ಲ ಇದು ಮಗ್ಗಿಯಂತೆ ಬಾಯಿಪಾಠ.

ಪ್ರತಿ ವರ್ಷ ನರಕ ಚತುರ್ದಶಿಗೆ ತವರಿಗೆ ಹೋಗುತ್ತೇನೆ. ನಸುಕಿನಲ್ಲಿ ತಮ್ಮನ ತಲೆಗೆ ಎಣ್ಣೆ ಹಚ್ಚುವುದು ಇಂದಿಗೂ ನನ್ನದೇ ಪಾಲು. ನೀರಿಗೆ ಮೊಣಕೈ ಅದ್ದಿ ಹದ ನೋಡುತ್ತೇನೆ. ಆ 1989ರ ದೀಪಾವಳಿಯಲ್ಲಿ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು: ತಂಬಿಗೆ ಹಾಕಿದ ಹಾಗೆ ಅವನು ಗಟ್ಟಿಯಾಗಿ ಎಣಿಸಬೇಕು, ಎಣಿಕೆ ತಡವರಿಸಿದರೆ ನಾನು ಕೈ ನಿಲ್ಲಿಸಬೇಕು. ಅವನಿಗೀಗ ಗಡ್ಡ ನರೆತಿದೆ, ಕೊನೆಯ ಸಲ ಫಿಟ್ಸ್ ಬಂದು ಮೂವತ್ತು ವರ್ಷ ದಾಟಿದೆ. ಆದರೂ ಎಣಿಸುತ್ತಾನೆ. ಒಂದು, ಎರಡು, ಮೂರು. ನಾನು ತಾಳಿ ತಾಳಿ ಹಾಕುತ್ತೇನೆ. ಐದಕ್ಕೆ ಬಂದಾಗ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗುತ್ತಾನೆ: "ಸಾಕ ಬಿಡಬೇ ಯಕ್ಕಾ."