ಕದ್ದ ಪಿಟೀಲು ಎಲ್ಲಿಗೆ ಹೋಗುತ್ತೆ?

ಕಳೆದ ಚಳಿಗಾಲದಲ್ಲಿ ನಾವಿರುವ ಬಾಡಿಗೆ ಮನೆಯ ಹಜಾರದಿಂದ ನನ್ನ ಪಿಟೀಲು ಕಳುವಾಯಿತು. ಹೈಸ್ಕೂಲಿನಲ್ಲಿದ್ದಾಗ ಅಪ್ಪ ಕೊಡಿಸಿದ್ದು. ದೂರು ಕೊಡಲು ಹೋದರೆ ಕೇಳಿದ್ದು ಎರಡೇ ಪ್ರಶ್ನೆ: ನಂಬರ್ ಇದೆಯಾ, ಫೋಟೋ ಇದೆಯಾ? ನಾನು ನುಡಿಸ್ತಿರೋ ಫೋಟೋಗಳು ಬೇಕಾದಷ್ಟಿದ್ದವು, ಎಲ್ಲದರಲ್ಲೂ ಚೆನ್ನಾಗಿ ಕಾಣೋದು ನನ್ನ ಮುಖ ಮಾತ್ರ! ಆಮೇಲೆ ಈ ವಿಷಯವನ್ನು ಹಟಕ್ಕೆ ಬಿದ್ದು ಓದಿದೆ.

2010ರ ನವೆಂಬರಿನಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದ ಕೆಫೆಯೊಂದರಲ್ಲಿ ವಾದಕಿ ಮಿನ್-ಜಿನ್ ಕಿಮ್ ಅವರ 1696ರ ಸ್ಟ್ರಾಡಿವೇರಿಯಸ್ ಪಿಟೀಲು ಕಳುವಾಯಿತು. ಬೆಲೆ ಸುಮಾರು 12 ಲಕ್ಷ ಪೌಂಡ್. ಕಳ್ಳರು ಅದನ್ನು ಬರೀ 100 ಪೌಂಡಿಗೆ ಒಬ್ಬ ಬಸ್ ಡ್ರೈವರ್‌ಗೆ ಮಾರಲು ನೋಡಿದರು; ಆತ ಬೇಡ ಅಂದ. ಇಂಥ ವಾದ್ಯ ಕದಿಯೋದು ಸುಲಭ, ಮಾರೋದು ಕಷ್ಟ. ಮರದ ಗೆರೆ, ವಾರ್ನಿಷ್‌ನ ಗಾಯ ಎಲ್ಲವೂ ಬೆರಳಚ್ಚಿನ ಹಾಗೆ. ದೊಡ್ಡ ವ್ಯಾಪಾರಿಗಳ ಹತ್ತಿರ ಹಳೇ ಫೋಟೋಗಳಿರುತ್ತವೆ. 1980ರಲ್ಲಿ ಅಮೆರಿಕದಲ್ಲಿ ರೋಮನ್ ಟೋಟೆನ್‌ಬರ್ಗ್ ಅವರಿಂದ ಕದ್ದ ಸ್ಟ್ರಾಡಿವೇರಿಯಸ್ ಸಿಕ್ಕಿದ್ದು 2015ರಲ್ಲಿ, ಬೆಲೆ ಕಟ್ಟಿಸಲು ತಜ್ಞರೊಬ್ಬರ ಬಳಿ ತಂದಾಗ. ಅಷ್ಟರಲ್ಲಿ ಟೋಟೆನ್‌ಬರ್ಗ್ ತೀರಿಕೊಂಡು ಮೂರು ವರ್ಷವಾಗಿತ್ತು.

ಕಿಮ್ ಅವರ ಪಿಟೀಲು 2013ರಲ್ಲಿ ಸಿಕ್ಕಿತು. ಆದರೆ ಅವರಿಗೆ ಸಿಗಲಿಲ್ಲ. ಇದು ನನಗೆ ಹೊಸ ಪಾಠ: ವಿಮಾ ಕಂಪನಿ ಪರಿಹಾರ ಕೊಟ್ಟ ಮೇಲೆ ವಾದ್ಯದ ಒಡೆತನ ಸಾಮಾನ್ಯವಾಗಿ ಕಂಪನಿಗೇ ಹೋಗುತ್ತದೆ. ಪರಿಹಾರದ ದುಡ್ಡಿನಲ್ಲಿ ಅವರು ಬೇರೆ ಪಿಟೀಲು ಕೊಂಡಾಗಿತ್ತು. ಹಳೆಯದು ಅದೇ ಡಿಸೆಂಬರಿನಲ್ಲಿ ಹರಾಜಾಗಿ ಸುಮಾರು 13.8 ಲಕ್ಷ ಪೌಂಡಿಗೆ ಹೋಯಿತು.

ನಮ್ಮಂಥವರ ವಾದ್ಯದ ಕಥೆ ಉಲ್ಟಾ. ಗಿಟಾರ್, ಕೀಬೋರ್ಡ್ ಯಾರ ಕಣ್ಣಿಗೂ ಬೀಳದೆ ಸೆಕೆಂಡ್ ಹ್ಯಾಂಡ್ ಅಂಗಡಿಗೋ ಆನ್‌ಲೈನ್ ಜಾಹೀರಾತಿಗೋ ಹೋಗಿಬಿಡುತ್ತವೆ. ಅವಕ್ಕಾದರೂ ಸೀರಿಯಲ್ ನಂಬರ್ ಇರುತ್ತೆ. ನಮ್ಮ ವೀಣೆ, ಮೃದಂಗ, ಸಾದಾ ಪಿಟೀಲಿಗೆ ಹೆಚ್ಚಾಗಿ ಅದೂ ಇರಲ್ಲ. ಎರಡು ತಿಂಗಳ ನಂತರ ಒಂದು ಜಾಹೀರಾತಿನಲ್ಲಿ ನನ್ನದೇ ಅನ್ನಿಸುವ ಪಿಟೀಲು ಕಂಡಿತು. ಗಲ್ಲ ಇಡುವ ಜಾಗದಲ್ಲಿ ಅದೇ ಸವೆತ. ಪೊಲೀಸರಿಗೆ ಲಿಂಕ್ ಕಳಿಸಿದೆ. ನಿಮ್ಮದೇ ಅನ್ನೋದಕ್ಕೆ ಏನು ಗುರುತು ಅಂತ ಕೇಳಿದರು, ಹೇಳೋಕೆ ಏನೂ ಇರಲಿಲ್ಲ. ಮಾರನೇ ವಾರ ಜಾಹೀರಾತೇ ಮಾಯ.

ಈಗ ಹಳೇದೊಂದು ಪಿಟೀಲು ಕೊಂಡಿದ್ದೇನೆ. ಒಳಗಿನ ಚೀಟಿ, ಹಿಂಬದಿಯ ಮರದ ಗೆರೆ, ಗೀರುಗಳು, ರಸೀದಿ ಎಲ್ಲದರ ಫೋಟೋ ತೆಗೆದು ಅಪ್ಪನಿಗೂ ಕಳಿಸಿದ್ದೇನೆ. ಯುಗಾದಿ ಕಾರ್ಯಕ್ರಮಕ್ಕೆ ವಾದ್ಯ ತರುವವರು ಅರ್ಧ ಗಂಟೆ ಬೇಗ ಬನ್ನಿ, ಕ್ಯಾಮೆರಾ ನಾನೇ ತರ್ತೀನಿ.