ತುರಿಸದ ಮಚ್ಚೆ

ಶರೀರದ ಅವಯವಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ವರ್ಗದಲ್ಲಿ ಕೇಳಿದರೆ ಯಕೃತ್ತು ಎಂದೋ ಪುಪ್ಪುಸ ಎಂದೋ ಉತ್ತರ ಬರುತ್ತದೆ. ಚರ್ಮವೆಂದು ಹೇಳುವ ವಿದ್ಯಾರ್ಥಿ ವಿರಳ. ಬೆಳೆದ ಮನುಷ್ಯನ ಚರ್ಮದ ವಿಸ್ತಾರ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್. ಧೂಳನ್ನೂ ರೋಗಾಣುಗಳನ್ನೂ ಅದು ಹೊರಗೇ ತಡೆಯುತ್ತದೆ. ಬೆವರಿನ ಮೂಲಕ ದೇಹವನ್ನು ತಂಪಾಗಿಡುತ್ತದೆ. ಬಿಸಿ, ತಂಪು, ನೋವು, ಸ್ಪರ್ಶಗಳ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಈ ಕೊನೆಯ ಕೆಲಸವನ್ನು ನಾವು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಲೇಖನದಲ್ಲಿ ಮಾತ್ರ ಅದರದೇ ಮುಖ್ಯ ಪಾತ್ರ.

ಚರ್ಮದ ಬೇನೆ ಎಲ್ಲರ ಕಣ್ಣಿಗೂ ಬೀಳುವಂಥದು. ಆದ್ದರಿಂದ ಅದಕ್ಕೆ ಊರವರೆಲ್ಲರೂ ವೈದ್ಯರೇ. ಒಬ್ಬರು ಬೇವಿನ ತಪ್ಪಲು ಅರೆದು ಹಚ್ಚೆನ್ನುತ್ತಾರೆ, ಇನ್ನೊಬ್ಬರು ಪೇಟೆಯಿಂದ ಮುಲಾಮಿನ ಟ್ಯೂಬು ತಂದುಕೊಡುತ್ತಾರೆ. ತುರಿಕೆಯಿದ್ದರೆ ಮನೆಯಲ್ಲಿ ಗದ್ದಲವಾಗುತ್ತದೆ. ತುರಿಸದ, ನೋಯದ ಮಚ್ಚೆಯನ್ನು ಯಾರೂ ವಿಚಾರಿಸುವುದಿಲ್ಲ. ವಾಸ್ತವದಲ್ಲಿ ಹೆಚ್ಚಿನ ಎಚ್ಚರ ಬೇಕಾದದ್ದು ಎರಡನೆಯದಕ್ಕೆ.

ಮೊದಲು ತುರಿಸುವವುಗಳನ್ನು ನೋಡೋಣ. ನಮ್ಮ ಕಡೆ ಹುರಕು, ತುರಿ, ಕಜ್ಜಿ ಎಂದು ಕರೆಯುವ ಬೇನೆಗೆ ಕಾರಣ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಒಂದು ನುಸಿ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳದ ಸುತ್ತ, ಸೊಂಟ, ತೊಡೆಯ ಸಂದು ಇವು ಅದರ ಮೆಚ್ಚಿನ ಜಾಗಗಳು. ರಾತ್ರಿ ಹೊತ್ತು ತುರಿಕೆ ಹೆಚ್ಚುತ್ತದೆ, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತದೆ. ಈ ಎರಡು ಗುರುತುಗಳಿಂದಲೇ ರೋಗವನ್ನು ಬಹುಮಟ್ಟಿಗೆ ಊಹಿಸಬಹುದು. ಶೇಕಡಾ 5ರ ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ ರಾತ್ರಿ ಹಚ್ಚಿ, ಬೆಳಗ್ಗೆ ಸ್ನಾನ ಮಾಡಬೇಕು. ಒಂದು ವಾರದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಕೂಸುಗಳಿಗೆ ಮತ್ತು ಬಸುರಿಯರಿಗೆ ವೈದ್ಯರನ್ನು ಕೇಳಿಯೇ ಹಚ್ಚತಕ್ಕದ್ದು. ಅನೇಕರು ತುರಿಸುವ ಜಾಗಕ್ಕೆ ಮಾತ್ರ ಸವರುತ್ತಾರೆ, ಅಥವಾ ತುರಿಸುವ ಮಗುವಿಗೆ ಮಾತ್ರ ಹಚ್ಚುತ್ತಾರೆ. ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳದಿದ್ದರೆ ಅಣ್ಣನಿಂದ ತಂಗಿಗೆ, ತಂಗಿಯಿಂದ ಮತ್ತೆ ಅಣ್ಣನಿಗೆ ನುಸಿ ಓಡಾಡುತ್ತಲೇ ಇರುತ್ತದೆ. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯುವುದುಂಟು; ಅದಕ್ಕಾಗಿ ದಿನವೂ ಮುಲಾಮು ಬಳಿಯುವುದು ಬೇಡ. ಹುರಕಿನ ಹುಣ್ಣಿನಲ್ಲಿ ಕೀವಾದರೆ ನಿರ್ಲಕ್ಷಿಸಕೂಡದು. ಕೀವಿನ ರೋಗಾಣುಗಳ ಪೈಕಿ ಒಂದು ಜಾತಿಯಿಂದ ಕೆಲವು ಮಕ್ಕಳ ಮೂತ್ರಪಿಂಡಕ್ಕೆ ಬಾವು ಬರುತ್ತದೆ. ಮುಖ ಊದಿ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಕೂಡಲೇ ದವಾಖಾನೆಗೆ ಹೋಗಬೇಕು.

ಗಜಕರ್ಣದ ಮಾತು ಬೇರೆ. ಕೆಲವೆಡೆ ಇದಕ್ಕೆ ಹುಳಕಡ್ಡಿ ಎಂಬ ಹೆಸರಿದ್ದರೂ ಇದರಲ್ಲಿ ಹುಳವಿಲ್ಲ. ಇದು ಬೂಷ್ಟಿನ ಜಾತಿಯ ಶಿಲೀಂಧ್ರ. ಉಂಗುರದಂತೆ ಅಂಚು ಕೆಂಪಾಗಿ ಹರಡುತ್ತ, ನಡುವೆ ವಾಸಿಯಾದಂತೆ ಕಾಣುತ್ತದೆ. ಬೆವರಿನ ಒದ್ದೆ ಬಟ್ಟೆ ಇದಕ್ಕೆ ಹಿತ. ಇತ್ತೀಚಿನ ವರ್ಷಗಳಲ್ಲಿ ಈ ಸಾಧಾರಣ ಬೇನೆ ಹಟಮಾರಿಯಾಗಿರುವುದಕ್ಕೆ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಮಿಶ್ರ ಮುಲಾಮುಗಳು ಒಂದು ಮುಖ್ಯ ಕಾರಣ. ಅವುಗಳಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್ ಮುಂತಾದ ಸ್ಟಿರಾಯ್ಡ್ ಇರುತ್ತದೆ. ಸ್ಟಿರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಎರಡೇ ದಿನದಲ್ಲಿ ಅಡಗಿಸುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಬೆಳೆಯುತ್ತದೆ. ಮುಲಾಮು ನಿಲ್ಲಿಸಿದೊಡನೆ ಮೊದಲಿಗಿಂತ ದೊಡ್ಡ ಉಂಗುರ ಏಳುತ್ತದೆ. ಬಹುದಿನ ಹಚ್ಚಿದರೆ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. ಆದ್ದರಿಂದ ಟ್ಯೂಬಿನ ಮೇಲೆ ಬರೆದ ಸಣ್ಣಕ್ಷರಗಳನ್ನು ಓದಲು ಮಕ್ಕಳು ಮನೆಯ ಹಿರಿಯರಿಗೆ ನೆರವಾಗಬೇಕು.

ಇನ್ನು ತುರಿಸದ ಮಚ್ಚೆಗಳು. ಇವುಗಳಲ್ಲಿಯೂ ಬಹುಪಾಲು ನಿರಪಾಯ. ಚಿಕ್ಕ ಮಕ್ಕಳ ಗಲ್ಲದ ಮೇಲೆ ಒಣಗಿದಂಥ ತಿಳಿ ಮಚ್ಚೆ ಬಂದರೆ ಹೊಟ್ಟೆಯಲ್ಲಿ ಜಂತು ಆಗಿದೆ ಎನ್ನುವ ವಾಡಿಕೆಯಿದೆ. ಜಂತಿಗೂ ಅದಕ್ಕೂ ಸಂಬಂಧವಿಲ್ಲ, ಅದು ಹೆಚ್ಚಾಗಿ ಚರ್ಮ ಒಣಗಿದ್ದರ ಗುರುತು. ಎದೆ, ಬೆನ್ನಿನ ಮೇಲೆ ಸಣ್ಣ ಹೊಟ್ಟಿನೊಡನೆ ಬರುವ ಚಿಬ್ಬು ಕೂಡ ಶಿಲೀಂಧ್ರವೇ. ಹಾಲಿನಷ್ಟು ಬೆಳ್ಳಗಿನ ತೊನ್ನಿನಲ್ಲಿ ಬಣ್ಣ ಕೊಡುವ ಕೋಶಗಳು ನಷ್ಟವಾಗಿರುತ್ತವೆ, ಅಷ್ಟೇ. ಮುಟ್ಟಿದ್ದು ಗೊತ್ತಾಗುತ್ತದೆ, ಅದು ಇನ್ನೊಬ್ಬರಿಗೆ ಅಂಟುವುದಿಲ್ಲ. ಹಿಂದಿನವರು ಅದನ್ನು ಶ್ವೇತಕುಷ್ಠವೆಂದು ಕರೆದದ್ದರಿಂದ ಎಷ್ಟೋ ನಿರಪರಾಧಿಗಳು ಮದುವೆಯ ಮಾತಿನಲ್ಲಿ ನೊಂದಿದ್ದಾರೆ. ಆ ಹೆಸರನ್ನು ನಾವು ಬಳಸದಿರುವುದೇ ಲೇಸು.

ನಿಜವಾದ ಕುಷ್ಠದ ಮಚ್ಚೆ ಹಾಲಿನಂತೆ ಬೆಳ್ಳಗಿರುವುದಿಲ್ಲ. ಸುತ್ತಲಿನ ಬಣ್ಣಕ್ಕಿಂತ ತುಸು ತಿಳಿಯಾಗಿ, ಇಲ್ಲವೆ ತಾಮ್ರದಂತೆ ಕೆಂಪಾಗಿರುತ್ತದೆ. ಅಲ್ಲಿ ಬೆವರು ಬಾರದೆ ಇರಬಹುದು, ಕೂದಲು ಉದುರಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಕಾರಣವೇನೆಂದರೆ ಈ ರೋಗಾಣು ಚರ್ಮದ ಜೊತೆಗೆ ನರವನ್ನೂ ಹಿಡಿಯುತ್ತದೆ. ನಾರ್ವೆ ದೇಶದ ಬರ್ಗೆನ್ ನಗರದಲ್ಲಿ 1873ರಲ್ಲಿ ಡಾ. ಹ್ಯಾನ್ಸನ್ ಇದನ್ನು ಗುರುತಿಸುವ ಮುನ್ನ ಇದು ವಂಶದ ರೋಗವೆಂದು ಅನೇಕ ವಿದ್ವಾಂಸರೂ, ಪಾಪದ ಫಲವೆಂದು ಜನರೂ ನಂಬಿದ್ದರು. ಈ ರೋಗಾಣುವಿನ ಸ್ವಭಾವ ಬಲು ನಿಧಾನ. ಕರುಳಿನ ಕೆಲವು ಸಾಮಾನ್ಯ ಬ್ಯಾಕ್ಟೀರಿಯಾಗಳು ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ, ಇದು ಇಮ್ಮಡಿಯಾಗಲು ಸುಮಾರು ಎರಡು ವಾರ ಹಿಡಿಯುತ್ತದೆ. ಆದಕಾರಣ ಸೋಂಕು ತಗಲಿದ ಎಷ್ಟೋ ವರ್ಷಗಳ ಮೇಲೆ, ಕೆಲವೊಮ್ಮೆ ಇಪ್ಪತ್ತು ವರ್ಷಗಳ ಮೇಲೆ, ಮಚ್ಚೆ ಕಾಣಿಸುತ್ತದೆ.

ಪರೀಕ್ಷೆ ಸುಲಭವಾದದ್ದು. ಆರೋಗ್ಯ ಕಾರ್ಯಕರ್ತರು ಬಾಲ್‌ಪೆನ್ನಿನ ತುದಿಯನ್ನು ಮೊದಲು ಸಾಮಾನ್ಯ ಚರ್ಮಕ್ಕೆ ಹಗುರಾಗಿ ತಾಗಿಸಿ ತೋರಿಸುತ್ತಾರೆ. ಆಮೇಲೆ ಕಣ್ಣು ಮುಚ್ಚಿಸಿ, ಒಮ್ಮೆ ಮಚ್ಚೆಯ ಮೇಲೆ, ಒಮ್ಮೆ ಹೊರಗೆ ತಾಗಿಸುತ್ತಾರೆ. ತಾಗಿದ ಜಾಗಕ್ಕೆ ಮಗು ಬೆರಳಿಟ್ಟು ತೋರಿಸಬೇಕು. ಮಚ್ಚೆಯ ಮೇಲೆ ತಾಗಿದ್ದು ತಿಳಿಯದಿದ್ದರೆ ರೋಗದ ಸಂಶಯ ಬಲವಾಗುತ್ತದೆ. ಮನೆಯಲ್ಲಿ ಸೂಜಿ ಚುಚ್ಚಿ ನೋಡುವ ಸಾಹಸ ಬೇಡ. ಮುಖದ ಮೇಲಿನ ಮಚ್ಚೆಗೆ ಈ ಪರೀಕ್ಷೆಯನ್ನು ಪೂರ್ತಿ ನಂಬಲಾಗದು, ಅಲ್ಲಿ ರೋಗವಿದ್ದೂ ಸ್ಪರ್ಶ ಉಳಿದಿರಬಹುದು. ರೋಗದ ಇನ್ನೊಂದು ರೂಪದಲ್ಲಿ ಮಚ್ಚೆಯೇ ಸರಿಯಾಗಿ ಕಾಣದೆ, ಚರ್ಮ ಎಣ್ಣೆ ಹಚ್ಚಿದಂತೆ ಹೊಳೆದು, ಕಿವಿಯ ಹಾಲೆ ದಪ್ಪವಾಗಿ, ಹುಬ್ಬು ಉದುರುತ್ತದೆ. ಮೊಣಕೈ ಎಲ್ಲಿಗಾದರೂ ಬಡಿದಾಗ ಕಿರುಬೆರಳವರೆಗೆ ಜುಂ ಎನ್ನುತ್ತದಲ್ಲವೆ? ಅಲ್ಲಿ ಹಾಯ್ದಿರುವ ನರವನ್ನು ಈ ರೋಗ ಬಹಳ ಸಲ ಹಿಡಿಯುತ್ತದೆ. ನರ ದಪ್ಪವಾಗಿ ಕಿರುಬೆರಳು, ಉಂಗುರಬೆರಳುಗಳ ಶಕ್ತಿ ಕುಂದುತ್ತದೆ. ನಡೆಯುವಾಗ ಚಪ್ಪಲಿ ಜಾರಿಹೋದದ್ದು ತಿಳಿಯದಿರುವುದು ಇನ್ನೊಂದು ಲಕ್ಷಣ.

ಕುಷ್ಠದಿಂದ ಬೆರಳು ಕೊಳೆತು ಬೀಳುತ್ತವೆ ಎಂಬ ಭೀತಿಯನ್ನು ಹುಸಿ ಮಾಡಿದವರು ಡಾ. ಪಾಲ್ ಬ್ರಾಂಡ್. ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, 1946ರಿಂದ ವೆಲ್ಲೂರಿನ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರವೈದ್ಯರಾಗಿ ದುಡಿದರು. ರೋಗಿಗಳ ಕೈಕಾಲುಗಳನ್ನು ದಿನದಿನವೂ ಪರೀಕ್ಷಿಸಿ, ಬೆರಳುಗಳನ್ನು ನಾಶಮಾಡುವುದು ರೋಗವಲ್ಲ, ಗಾಯ ಎಂದು ಅವರು ಕಂಡುಕೊಂಡರು. ನೋವು ತಿಳಿಯದ ಕೈ ಕುದಿಯುವ ಪಾತ್ರೆಯನ್ನು ಬಿಡುವುದಿಲ್ಲ, ಮುಳ್ಳು ಹೊಕ್ಕ ಕಾಲು ಕುಂಟುವುದಿಲ್ಲ. ರಾತ್ರಿ ಮಲಗಿದಾಗ ಇಲಿಗಳು ಬೆರಳು ಕಡಿದರೂ ರೋಗಿಗೆ ಎಚ್ಚರವಾಗುತ್ತಿರಲಿಲ್ಲ. ಮನೆಗೆ ಮರಳುವ ರೋಗಿಗಳ ಜೊತೆಗೆ ಬೆಕ್ಕು ಕೊಟ್ಟು ಕಳಿಸುವ ಪದ್ಧತಿಯನ್ನು ಅವರು ಮಾಡಿದರು. ನೋವನ್ನು ನಾವು ಶಪಿಸುತ್ತೇವೆ. ಅವರು ಅದನ್ನು ದೇಹದ ಕಾವಲುಗಾರನೆಂದು ಕಂಡರು.

ಕಳೆದುಹೋದ ಸ್ಪರ್ಶ ಪೂರ್ತಿಯಾಗಿ ಮರಳುವುದು ಕಷ್ಟ. ಬೇಗ ತೋರಿಸಬೇಕೆನ್ನುವುದು ಇದಕ್ಕಾಗಿಯೇ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹುಔಷಧಿ ಚಿಕಿತ್ಸೆಯಿಂದ ರೋಗ ಪೂರ್ತಿ ಗುಣವಾಗುತ್ತದೆ. ಸಾಮಾನ್ಯವಾಗಿ ಮಚ್ಚೆಗಳು ಐದರೊಳಗಿದ್ದರೆ 6 ತಿಂಗಳು, ಹೆಚ್ಚಾಗಿದ್ದರೆ 12 ತಿಂಗಳು ಗುಳಿಗೆ ನುಂಗಬೇಕು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಇದು ಪುಕ್ಕಟೆ. ಔಷಧ ಆರಂಭಿಸಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಹರಡುವ ಭಯ ನಿಲ್ಲುತ್ತದೆ. ಆದ್ದರಿಂದ ಮಗು ಶಾಲೆ ಬಿಡಬೇಕಿಲ್ಲ, ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ. ರಿಫಾಂಪಿಸಿನ್ ಗುಳಿಗೆಯಿಂದ ಮೂತ್ರ ಕೆಂಪಾಗುತ್ತದೆ, ಕ್ಲೋಫಾಜಿಮಿನ್‌ನಿಂದ ಮೈಬಣ್ಣ ಕಪ್ಪಿಡುತ್ತದೆ. ಇದಕ್ಕೆ ಹೆದರಿ ಗುಳಿಗೆ ಬಿಡುವವರಿದ್ದಾರೆ. ಔಷಧ ಮುಗಿದ ಮೇಲೆ ಎರಡೂ ಹೋಗುತ್ತವೆ. ಆದರೆ ಮಚ್ಚೆ ಒಮ್ಮೆಲೆ ಕೆಂಪಾಗಿ ಊದಿದರೆ, ನರ ನೋಯತೊಡಗಿದರೆ, ಕಣ್ಣು ಕೆಂಪಾದರೆ ಗುಳಿಗೆ ನಿಲ್ಲಿಸದೆ ಅದೇ ದಿನ ವೈದ್ಯರನ್ನು ಕಾಣಬೇಕು. ಮೈಮೇಲೆ ದದ್ದು ಎದ್ದು ಜ್ವರ ಬಂದು ಬಾಯಲ್ಲಿ ಹುಣ್ಣಾದರೆ ಅದು ಔಷಧ ಒಗ್ಗದ ಗುರುತಿರಬಹುದು. ಆಗ ಮಾತ್ರ ಗುಳಿಗೆ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಗಾಂಧೀಜಿಯವರು ಸೇವಾಗ್ರಾಮದಲ್ಲಿ ಪರಚುರೆ ಶಾಸ್ತ್ರಿಯೆಂಬ ಸಂಸ್ಕೃತ ಪಂಡಿತರ ಕುಷ್ಠದ ಹುಣ್ಣುಗಳನ್ನು ಸ್ವತಃ ಶುಶ್ರೂಷೆ ಮಾಡಿದರು. ಅವರ ಪುಣ್ಯತಿಥಿಯಾದ ಜನವರಿ 30 ನಮ್ಮ ದೇಶದಲ್ಲಿ ಕುಷ್ಠ ನಿವಾರಣೆಯ ದಿನವಾಗಿದೆ. ರೋಗಿಗಳನ್ನು ಬಂಧಿಸಿಡಲು ಅವಕಾಶವಿದ್ದ 1898ರ ಕಾಯಿದೆ ರದ್ದಾದದ್ದು ಮಾತ್ರ 2016ರಲ್ಲಿ. ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಎಣಿಸುತ್ತಿದ್ದ ಕಲಮುಗಳು 2019ರಲ್ಲಿ ಹೋದವು. 2005ರ ಕೊನೆಗೆ ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿದರೂ ಹೊಸ ರೋಗಿಗಳು ಇಂದಿಗೂ ಸಿಗುತ್ತಿದ್ದಾರೆ, ಅವರಲ್ಲಿ ಮಕ್ಕಳೂ ಇದ್ದಾರೆ.

ಪಾಲಕರಲ್ಲಿ ಒಂದು ವಿನಂತಿ. ನಮ್ಮ ಅಕ್ಕಲಕೋಟ, ಜತ್ತ ಭಾಗದ ಆರೋಗ್ಯ ಕೇಂದ್ರಗಳಲ್ಲಿ ವ್ಯವಹಾರ ಬಹುಶಃ ಮರಾಠಿಯಲ್ಲಿ. ಮನೆಯಲ್ಲಿ ಬರೀ ಕನ್ನಡವಾಡುವ ಅಜ್ಜಿ ಅಲ್ಲಿ ಮಚ್ಚೆಯನ್ನು ತೋರಿಸಿ ಸುಮ್ಮನೆ ನಿಂತರೆ ಮುಲಾಮು ಕೈಗೆ ಬಂದೀತು, ಪರೀಕ್ಷೆ ಆಗದೆ ಹೋದೀತು. ಮಚ್ಚೆಗೆ ಅವರು ‘ಚಟ್ಟಾ’ ಎನ್ನುತ್ತಾರೆ, ಮರಗಟ್ಟಿದ್ದಕ್ಕೆ ‘ಬಧೀರ್’ ಎನ್ನುತ್ತಾರೆ. ಮಕ್ಕಳು ಈ ಎರಡು ಮಾತುಗಳನ್ನು ಕಲಿತು ಹಿರಿಯರ ಜೊತೆಗೆ ಹೋಗಲಿ. ಮನೆಯಲ್ಲಿ ಒಬ್ಬರಿಗೆ ರೋಗ ಖಚಿತವಾದರೆ ಉಳಿದವರನ್ನೂ ಪರೀಕ್ಷಿಸಿ, ರೋಗ ಬಾರದಂತೆ ರಿಫಾಂಪಿಸಿನ್ನಿನ ಒಂದೇ ಒಂದು ಸರದಿಯನ್ನು ಅರ್ಹರಿಗೆ ಕೊಡುವ ಏರ್ಪಾಡಿದೆ. ಅದನ್ನೂ ಕೇಳಿ ಪಡೆಯಬಹುದು.