ಮಕ್ಕಳಿಗೆ ವಾರ ಕಲಿಸುವಾಗ ಮಾಡಬೇಕಾದ್ದು, ಮಾಡಬಾರದ್ದು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ತಂದೆತಾಯಿಯರು, ಅಜ್ಜ-ಅಜ್ಜಿಯರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಒಂದನೇ ತರಗತಿಯ ಶಿಕ್ಷಕರ ಗಮನಕ್ಕೆ

ನಾಲ್ಕು ವರ್ಷದ ಮಗು ಭಾನುವಾರದಿಂದ ಶನಿವಾರದವರೆಗೆ ಒಂದೇ ಉಸಿರಿಗೆ ಹೇಳಿಬಿಟ್ಟರೆ ಮನೆಯವರಿಗೆಲ್ಲ ಸಂತೋಷ. ಬಂದ ನೆಂಟರ ಮುಂದೆಯೂ ಹೇಳಿಸುತ್ತೇವೆ. ಅದೇ ಮಗುವನ್ನು "ಇವತ್ತು ಯಾವ ವಾರ?" ಎಂದು ಕೇಳಿ ನೋಡಿ. ಬಾಯಿಗೆ ಬಂದ ಒಂದು ಹೆಸರು ಹೇಳುತ್ತದೆ, ಇಲ್ಲವೇ ಮತ್ತೆ ಭಾನುವಾರದಿಂದ ಶುರು ಮಾಡುತ್ತದೆ. ಹೆಸರುಗಳು ಬಾಯಿಗೆ ಬಂದಿವೆ, ಯಾವ ಹೆಸರು ಯಾವ ದಿನದ್ದೆಂದು ಯಾರೂ ತೋರಿಸಿಕೊಟ್ಟಿಲ್ಲ. ತೋರಿಸಿಕೊಡುವುದು ದೊಡ್ಡವರ ಕೆಲಸ. ಕೆಳಗಿನ ಮಾತುಗಳನ್ನು ಓದಿ ಮಡಿಚಿಡಬೇಡಿ, ಪಾಲಿಸಿ.

ಸಂತೆಯ ದಿನದಿಂದ ಶುರು ಮಾಡಿ

ಭಾನುವಾರದಿಂದ ಕಲಿಸಲೇಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ. ನಿಮ್ಮೂರ ಸಂತೆ ಯಾವ ವಾರವೋ ಆ ವಾರದ ಹೆಸರು ಮಗುವಿಗೆ ಮೊದಲು ಗೊತ್ತಾಗಲಿ. ಆ ದಿನ ಮನೆಯ ರೀತಿಯೇ ಬೇರೆ. ಬೆಳಿಗ್ಗೆ ಚೀಲ ಹುಡುಕುತ್ತಾರೆ, ಬಸ್ಸು ತುಂಬಿರುತ್ತದೆ, ಸಂಜೆ ಮಂಡಕ್ಕಿಯ ಪೊಟ್ಟಣ ಬರುತ್ತದೆ. ಮೂರು ವರ್ಷದ ಮಗುವಿಗೂ ಈ ದಿನ ಉಳಿದ ದಿನಗಳಂತಲ್ಲ ಎಂದು ಆಗಲೇ ಗೊತ್ತು. ನೀವು ಮಾಡಬೇಕಾದ್ದು ಇಷ್ಟೆ: ಹಿಂದಿನ ರಾತ್ರಿ ಮಲಗಿಸುವಾಗ ವಾರದ ಹೆಸರು ಹಿಡಿದು "ನಾಳೆ ಸಂತೆ" ಎನ್ನಿ, ಬೆಳಿಗ್ಗೆ ಮತ್ತೊಮ್ಮೆ ಹೆಸರು ಹೇಳಿ, ಮರುದಿನ "ನಿನ್ನೆ ಸಂತೆಗೆ ಹೋಗಿದ್ದೆವಲ್ಲ" ಎಂದು ನೆನಪು ಮಾಡಿ. ಮೂರೂ ಸಲ ವಾರದ ಹೆಸರು ಬಿಡಬೇಡಿ. ನಾಳೆ, ಇವತ್ತು, ನಿನ್ನೆ ಎಂಬ ಮೂರು ಮಾತುಗಳೂ ಒಂದೇ ದಿನದ ಸುತ್ತ ತಿರುಗಿದ್ದನ್ನು ಮಗು ಕಾಣಬೇಕು. ಇದನ್ನು ಬಾಯಿಪಾಠ ಕೊಡಲಾರದು.

ಪುಸ್ತಕದ ಚಿತ್ರದಲ್ಲಿ ಸಂತೆ ಯಾವ ವಾರಕ್ಕೆ ಬರೆದಿದೆಯೋ ಅದನ್ನು ಹೇಳಿಕೊಡಬೇಡಿ. ಊರೂರಿಗೆ ಸಂತೆಯ ವಾರ ಬೇರೆ. ವ್ಯಾಪಾರಿಗಳು ಇಂದು ಒಂದೂರು ನಾಳೆ ಇನ್ನೊಂದೂರು ಎಂದು ತಿರುಗುವುದು ಅದಕ್ಕೇ. ಶಿರಾಳಕೊಪ್ಪದ ಮಗುವಿಗೆ ಶಿರಾಳಕೊಪ್ಪದ ಸಂತೆ, ಆನವಟ್ಟಿಯ ಮಗುವಿಗೆ ಆನವಟ್ಟಿಯ ಸಂತೆ.

ಸಂತೆಯ ದಿನ ಗಟ್ಟಿಯಾದ ಮೇಲೆ ಶಾಲೆ ಇಲ್ಲದ ಭಾನುವಾರ, ಆಮೇಲೆ ಬೆಳಗಿನ ಶಾಲೆಯ ಶನಿವಾರ. ಶನಿವಾರಕ್ಕೆ ಇನ್ನೊಂದು ಆಸರೆಯೂ ಇದೆ. ಶಿಕಾರಿಪುರದವರಿಗೆ ಅದು ಹುಚ್ಚರಾಯಸ್ವಾಮಿಯ ದಿನ, ಆಂಜನೇಯನ ವಾರ. ಸೋಮವಾರ ಈಶ್ವರನ ಗುಡಿಗೆ ಹೋಗುವ ಮನೆಗಳಿವೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಪದ್ಧತಿಯೂ ನಮ್ಮ ಕಡೆಯ ಹಳ್ಳಿಗಳಲ್ಲಿ ಪೂರ್ತಿ ಅಳಿದಿಲ್ಲ. ಕೊಟ್ಟಿಗೆಯಲ್ಲಿ ಎತ್ತುಗಳಿದ್ದರೆ ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ: "ಇವತ್ತು ಸೋಮವಾರ, ಬಸವಣ್ಣನಿಗೆ ರಜೆ." ಟ್ರಾಕ್ಟರ್ ಬಂದ ಮನೆಯಲ್ಲಿ ಈ ಪಾಠ ಸಿಗದು, ಅಲ್ಲಿ ಬೇರೆ ಗುರುತು ಹುಡುಕಿ. ಮಂಗಳವಾರ, ಶುಕ್ರವಾರ ಅಮ್ಮನವರ ವಾರಗಳು, ಚಂದ್ರಗುತ್ತಿಯ ರೇಣುಕಾಂಬೆಗೆ ನಡೆದುಕೊಳ್ಳುವ ಮನೆಗಳಲ್ಲಿ ಇವೆರಡೂ ಸುಲಭವಾಗಿ ಗುರುತು ಸಿಗುತ್ತವೆ. ಶಿರಾಳಕೊಪ್ಪದ ಎಷ್ಟೋ ಮನೆಗಳಲ್ಲಿ ಶುಕ್ರವಾರವೆಂದರೆ ಜುಮ್ಮಾ, ಅಪ್ಪ ಸ್ನಾನ ಮಾಡಿ ನಮಾಜಿಗೆ ಹೊರಡುವ ಮಧ್ಯಾಹ್ನ. ಬುಧವಾರ ಎಲ್ಲ ಮನೆಯಲ್ಲೂ ಬಡಪಾಯಿ, ಅದಕ್ಕೆ ತನ್ನದೇ ಗುರುತು ಇರುವುದಿಲ್ಲ. ಅಮ್ಮನ ಸ್ವಸಹಾಯ ಸಂಘದ ಸಭೆ, ನಲ್ಲಿಯಲ್ಲಿ ನೀರು ಬರುವ ದಿನ, ಬಿಳಿ ಯೂನಿಫಾರಂ ಹಾಕುವ ದಿನ, ಇವುಗಳಲ್ಲಿ ಯಾವುದಾದರೂ ಬುಧವಾರ ಬಿದ್ದರೆ ಅದನ್ನೇ ಹಿಡಿಯಿರಿ. ಏನೂ ಇಲ್ಲದಿದ್ದರೆ ನೀವೇ ಒಂದು ಮಾಡಿ. ಬುಧವಾರ ಸಂಜೆ ಮಾತ್ರ ದೋಸೆ ಎಂದು ನಿಯಮ ಮಾಡಿದರೂ ಸಾಕು, ಆದರೆ ತಪ್ಪಿಸಬೇಡಿ.

ಸಾಲದ ಕಂತು ಕಟ್ಟುವ ದಿನವನ್ನು ಮಾತ್ರ ಗುರುತಾಗಿ ಬಳಸಬೇಡಿ. ಮನೆಯ ಆತಂಕ ಮಗುವಿಗೆ ಮಾತಿಗಿಂತ ಮೊದಲು ತಿಳಿಯುತ್ತದೆ.

ದಿನವೂ ಬರುವುದು ಗುರುತಾಗದು

ಅಂಗನವಾಡಿಯಲ್ಲಿ "ಹಾಲು ಕೊಡುವ ದಿನ" ಎಂದು ಹೇಳಿ ವಾರ ಕಲಿಸಲು ಹೋಗಬೇಡಿ. ಕ್ಷೀರಭಾಗ್ಯ 2013ರ ಆಗಸ್ಟ್ 1ರಂದು ಶುರುವಾದಾಗ ಹಾಲು ವಾರಕ್ಕೆ ಮೂರು ದಿನ ಇತ್ತು, ಆಗ ಅದು ಗುರುತಾಗಬಹುದಿತ್ತು. ಈಗ ವಾರಕ್ಕೆ ಐದು ದಿನ. ಮಕ್ಕಳ ಹೊಟ್ಟೆಗೆ ಅದು ಒಳ್ಳೆಯದೇ ಆಯಿತು, ವಾರ ಹೇಳಲು ಮಾತ್ರ ಉಪಯೋಗವಿಲ್ಲ. ಅಂಗನವಾಡಿಯ ಊಟದ ಪಟ್ಟಿಯಲ್ಲಿ ವಾರಕ್ಕೊಂದೇ ದಿನ ಬರುವ ಪದಾರ್ಥವಿದ್ದರೆ ಅದನ್ನು ಆರಿಸಿಕೊಳ್ಳಿ.

ರಜೆಯನ್ನೆಲ್ಲ ಭಾನುವಾರ ಎನ್ನಬೇಡಿ

ಜುಲೈ ತಿಂಗಳಲ್ಲಿ ಸೊರಬದ ಕಡೆ ಮಳೆ ಹಿಡಿದರೆ ಶಾಲೆಗಳಿಗೆ ರಜೆ ಕೊಡುತ್ತಾರೆ. ಮಗು ಎದ್ದು "ಇವತ್ತು ಭಾನುವಾರವಾ?" ಎಂದು ಕೇಳುತ್ತದೆ. "ಹೂಂ, ಮಲಗು" ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. ಅದುವರೆಗೆ ಕಲಿಸಿದ್ದೆಲ್ಲ ಆ ಒಂದು ಮಾತಿಗೆ ಕಲಸಿಹೋಗುತ್ತದೆ. "ಇವತ್ತು ಬುಧವಾರವೇ, ಮಳೆಗೆ ರಜೆ ಕೊಟ್ಟಿದ್ದಾರೆ" ಎಂದು ಸ್ಪಷ್ಟವಾಗಿ ಹೇಳಿ. ನಿಜಕ್ಕೂ ಮಳೆಯ ರಜೆ ಕಲಿಸಲು ಬಹಳ ಒಳ್ಳೆಯ ದಿನ. ಶಾಲೆ ಇಲ್ಲದಿದ್ದರೂ ವಾರ ತನ್ನ ಪಾಡಿಗೆ ನಡೆಯುತ್ತದೆ ಎಂಬುದು ಮಗುವಿಗೆ ಮೊದಲ ಸಲ ಹೊಳೆಯುವುದು ಇಂಥ ದಿನವೇ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಶಾಲೆಯ ಗುರುತುಗಳೆಲ್ಲ ಮಾಯವಾಗುತ್ತವೆ. ಆಗ ಸಂತೆಯನ್ನೂ ಮನೆಯ ಗುರುತುಗಳನ್ನೂ ಬಿಡದೆ ಹೇಳುತ್ತಿರಿ, ಇಲ್ಲದಿದ್ದರೆ ಜೂನಿನಲ್ಲಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹಬ್ಬದಿಂದಲೂ ವಾರ ಕಲಿಸಬೇಡಿ. ಭೂಮಿ ಹುಣ್ಣಿಮೆ, ದೀಪಾವಳಿಯಂಥ ಹಬ್ಬಗಳು ತಿಥಿ ನೋಡಿ ಬರುತ್ತವೆ. ಹೋದ ವರ್ಷ ಒಂದು ವಾರ, ಈ ವರ್ಷ ಇನ್ನೊಂದು.

ಮನೆಯ ಹೆಸರನ್ನು ತಿದ್ದಬೇಡಿ

ಅಜ್ಜಿ ಆಯ್ತಾರ ಎನ್ನುತ್ತಾರೆ, ಶಿಕ್ಷಕಿ ಭಾನುವಾರ ಎನ್ನುತ್ತಾರೆ, ಹಿರೇಕೆರೂರು ಕಡೆಯಿಂದ ಬಂದ ಅತ್ತೆ ರವಿವಾರ ಎನ್ನುತ್ತಾರೆ. ಗುರುವಾರ ಕೆಲವು ಮನೆಗಳಲ್ಲಿ ಬೇಸ್ತವಾರ. ಉರ್ದು ಮಾತಾಡುವ ಮನೆಯಲ್ಲಿ ಸೋಮವಾರ ಪೀರ್, ಗುರುವಾರ ಜುಮೇರಾತ್. ತಾಂಡಾದ ಮಗು ಮನೆಯಲ್ಲಿ ಕೇಳುವ ಹೆಸರುಗಳೇ ಬೇರೆ. ಅಂಗನವಾಡಿಯಲ್ಲಿ ಮಗು ತನ್ನ ಮನೆಯ ಹೆಸರು ಹೇಳಿದರೆ "ಹಾಗಲ್ಲ, ತಪ್ಪು" ಎಂದು ಹೇಳಲೇಬಾರದು. ಅದು ದಿನವನ್ನು ಸರಿಯಾಗಿ ಗುರುತಿಸಿದೆ, ಕಷ್ಟದ ಕೆಲಸ ಅದೇ. "ಹೌದು ಪುಟ್ಟಾ, ಇವತ್ತು ಜುಮೇರಾತ್. ಶಾಲೆಯಲ್ಲಿ ನಾವು ಗುರುವಾರ ಅಂತೀವಿ" ಎಂದು ಎರಡನ್ನೂ ಒಟ್ಟಿಗೆ ಇಡಿ. ಮನೆಯ ಹೆಸರನ್ನು ತಪ್ಪೆನಿಸಿಕೊಂಡ ಮಗು ಮರುದಿನದಿಂದ ಬಾಯಿ ಬಿಡುವುದಿಲ್ಲ. ಸುಮ್ಮನಿರುವ ಮಗುವಿಗೆ ಏನು ಬರುತ್ತದೆ ಏನು ಬರುವುದಿಲ್ಲ ಎಂದು ಯಾರಿಗೂ ತಿಳಿಯದು.

ಎಲ್‌ಕೆಜಿಗೆ ಹೋಗುವ ಮಕ್ಕಳ ಮೇಲೆ ಸಂಡೇ-ಮಂಡೇ ಪಟ್ಟಿ ಮತ್ತು ಭಾನುವಾರ-ಸೋಮವಾರ ಪಟ್ಟಿ ಎರಡನ್ನೂ ಒಂದೇ ತಿಂಗಳಲ್ಲಿ ಹೇರಬೇಡಿ. ಮನೆಯಲ್ಲಿ ಯಾವ ಹೆಸರು ಬಳಕೆಯಲ್ಲಿದೆಯೋ ಅದರಲ್ಲಿ ನಿನ್ನೆ-ನಾಳೆ ಗಟ್ಟಿಯಾಗಲಿ. ಇನ್ನೊಂದು ಭಾಷೆಯ ಹೆಸರು ಆಮೇಲೆ ಬೇಗನೆ ಅಂಟಿಕೊಳ್ಳುತ್ತದೆ.

ನಿನ್ನೆ, ನಾಳೆ ತಪ್ಪಿದರೆ ನಗಬೇಡಿ

"ನಿನ್ನೆ ಅಜ್ಜನ ಮನೆಗೆ ಹೋಗೋಣ" ಎಂದು ಮಗು ಹೇಳಿದರೆ ಮನೆಯೆಲ್ಲ ನಗುತ್ತದೆ. ನಗಬೇಡಿ, ಆ ಮಾತನ್ನು ಇನ್ನೊಬ್ಬರ ಮುಂದೆ ಹೇಳಿಸಿ ಆಡಿಕೊಳ್ಳಬೇಡಿ. ಮೂರು-ನಾಲ್ಕು ವರ್ಷದ ಮಗುವಿಗೆ ನಿನ್ನೆ ಎಂದರೆ ಈಗಲ್ಲದ ಯಾವುದೋ ದಿನ. ಮುಗಿದದ್ದು ಯಾವುದು, ಬರಬೇಕಾದ್ದು ಯಾವುದು ಎಂಬುದು ಮೊದಲು ತಿಳಿಯುತ್ತದೆ, ಎಷ್ಟು ದಿನ ಹಿಂದೆ ಎಷ್ಟು ದಿನ ಮುಂದೆ ಎಂಬುದು ಸಾಮಾನ್ಯವಾಗಿ ಆರು-ಏಳು ವರ್ಷದ ಹೊತ್ತಿಗೆ. ಮೊನ್ನೆ, ನಾಡಿದ್ದು ಎಂಬ ಎರಡು ಮಾತುಗಳು ಕನ್ನಡದ ಮಗುವಿಗೆ ಬಹಳ ಸಹಾಯ ಮಾಡುತ್ತವೆ, ಎರಡು ದಿನ ದಾಟುವುದಕ್ಕೆ ಒಂದೇ ಪದ ಸಿದ್ಧವಾಗಿದೆ. ಐದು ವರ್ಷ ದಾಟಿದ ಮೇಲೆ ಅವನ್ನು ದಿನವೂ ಬಳಸಿ. "ಶನಿವಾರಕ್ಕೆ ಮುಂಚೆ ಯಾವ ವಾರ?" ಎಂದು ಹಿಂದಕ್ಕೆ ಎಣಿಸುವ ಪ್ರಶ್ನೆಯನ್ನು ಎಲ್ಲಕ್ಕಿಂತ ಕೊನೆಗೆ ಕೇಳಿ.

ಮಧ್ಯಾಹ್ನ ಮಲಗಿ ಸಂಜೆ ಎದ್ದ ಮಗುವನ್ನು ವಾರ ಕೇಳಬಾರದು. ಅದಕ್ಕೆ ಬೆಳಗಾದಂತೆಯೇ ಇರುತ್ತದೆ.

ಕ್ಯಾಲೆಂಡರ್ ಒಂದೇ ಇರಲಿ

ಅಂಗಡಿಯವರು ಕೊಟ್ಟ ಕ್ಯಾಲೆಂಡರುಗಳನ್ನೆಲ್ಲ ಗೋಡೆಗೆ ನೇತುಹಾಕಬೇಡಿ. ಕೆಲವದರಲ್ಲಿ ವಾರಗಳು ಮೇಲಿಂದ ಕೆಳಕ್ಕೆ, ಕೆಲವದರಲ್ಲಿ ಎಡದಿಂದ ಬಲಕ್ಕೆ. ಓದಲು ಬಾರದ ಮಗುವಿಗೆ ಅವೆರಡೂ ಒಂದೇ ಎಂದು ಹೇಗೆ ಗೊತ್ತಾಗಬೇಕು? ಮಗುವಿನ ಕಣ್ಣಿನ ಎತ್ತರಕ್ಕೆ ಒಂದೇ ಒಂದು ಇರಲಿ, ಮುಗಿದ ದಿನಕ್ಕೆ ಮಗುವೇ ಗೀಟು ಹಾಕಲಿ.

ಅದಕ್ಕಿಂತಲೂ ಮೊದಲು ಅಡಿಕೆ ಹಾಳೆಯನ್ನು ಏಳು ತುಂಡು ಮಾಡಿ. ಒಂದೊಂದರ ಮೇಲೂ ಆ ದಿನದ ಗುರುತಿನ ಚಿತ್ರ ಬರೆಯಿರಿ: ಚೀಲ, ಎತ್ತು, ದೋಸೆ, ಹೀಗೆ. ಹಾಳೆಗಳನ್ನು ಉದ್ದಕ್ಕೆ ಕಟ್ಟಬೇಡಿ, ದುಂಡಗೆ ಜೋಡಿಸಿ. ಸಾಲಾಗಿ ಇಟ್ಟರೆ ಶನಿವಾರಕ್ಕೆ ಎಲ್ಲ ಮುಗಿದುಹೋಯಿತು ಎಂದು ಮಗು ತಿಳಿಯುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಬಟ್ಟೆಯ ಕ್ಲಿಪ್ಪನ್ನು ಮುಂದಿನ ಹಾಳೆಗೆ ಸರಿಸುವ ಕೆಲಸ ಮಗುವಿನದು, ನೀವು ಕೈಹಾಕಬೇಡಿ. ಗುರುತಿಗೆಂದು ಮೆಕ್ಕೆಜೋಳದ ಕಾಳು, ಹುಣಸೆಬೀಜ ಕೊಡಬೇಡಿ. ಸಣ್ಣ ಮಕ್ಕಳು ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ.

ಬುಧ-ಗುರು ಮೊದಲಕ್ಷರದ ಉಕಾರದಿಂದಲೂ ಶುಕ್ರ-ಶನಿ ಮೊದಲಕ್ಷರದ ಶಕಾರದಿಂದಲೂ ಒಂದಕ್ಕೊಂದು ಕಲೆಯುತ್ತವೆ. ಈ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ. ಹಾಡು ಬೇಕಾದರೆ ಹಾಡಿಸಿ, ಆದರೆ ಹಾಡು ಮುಗಿದ ಮೇಲೆ ಇವತ್ತಿನ ಹಾಳೆ ಮುಟ್ಟಿ ತೋರಿಸದೆ ಬಿಡಬೇಡಿ.

ಒಳ್ಳೆಯ ವಾರ, ಕೆಟ್ಟ ವಾರ ಬೇಡ

ಮಂಗಳವಾರ ಹೊರಡಬಾರದು, ಶನಿವಾರ ಹೊಸದು ತರಬಾರದು, ಶನಿ ಹಿಡಿಯುತ್ತಾನೆ, ಇಂಥ ಮಾತುಗಳನ್ನು ಮಗುವಿನ ಕಿವಿಗೆ ಹಾಕಲೇಬಾರದು. ದೊಡ್ಡವರು ತಮ್ಮ ನಂಬಿಕೆಯಂತೆ ನಡೆದುಕೊಳ್ಳಲಿ. ಐದು ವರ್ಷದ ಮಗುವಿಗೆ ವಾರದಲ್ಲಿ ಎರಡು ದಿನ ಹೆದರುವುದನ್ನು ಕಲಿಸುವ ಹಕ್ಕು ಯಾರಿಗೂ ಇಲ್ಲ.

ಗ್ರಹಗಳ ವಿವರವೂ ಈ ವಯಸ್ಸಿಗೆ ಬೇಡ. ಐದನೇ ತರಗತಿ ದಾಟಿದ ಮಕ್ಕಳು ಕೇಳಿದರೆ ಮಾತ್ರ ಹೇಳಿ. ಹಳಬರು ಗ್ರಹಗಳನ್ನು ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ ಎಂದು ಸಾಲಾಗಿಟ್ಟು ಗಂಟೆಗೊಂದು ಗ್ರಹವೆಂದು ಎಣಿಸುತ್ತಿದ್ದರು. ದಿನದ ಮೊದಲ ಗಂಟೆಯ ಗ್ರಹದ ಹೆಸರೇ ಆ ದಿನಕ್ಕೆ. 24ನ್ನು 7ರಿಂದ ಭಾಗಿಸಿದರೆ 3 ಉಳಿಯುತ್ತದೆ. ಶನಿಯಿಂದ ಮೂರು ಹೆಜ್ಜೆ ಮುಂದೆ ರವಿ, ರವಿಯಿಂದ ಮೂರು ಹೆಜ್ಜೆಗೆ ಚಂದ್ರ, ಅಂದರೆ ಸೋಮ. ಈ ಲೆಕ್ಕ ಬಿಡಿಸಿದ ಮಕ್ಕಳನ್ನು ಬಳ್ಳಿಗಾವಿಗೆ ಕರೆದೊಯ್ಯಿರಿ. ಅಲ್ಲಿಯ ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ವರ್ಷ, ಸಂವತ್ಸರ, ಮಾಸ, ತಿಥಿಗಳ ಜೊತೆಗೆ ವಾರವನ್ನೂ ಕೆತ್ತಿದ್ದಾರೆ. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ, ಸೊರಬದವನ್ನು 1904ರಲ್ಲಿ 8ನೇ ಸಂಪುಟದಲ್ಲಿ ಪ್ರಕಟಿಸಿದರು. ತಮ್ಮೂರ ಕಲ್ಲಿನಲ್ಲಿ ಯಾವ ವಾರವಿದೆ ಎಂದು ಆ ಪುಟಗಳಲ್ಲಿ ಹುಡುಕುವುದು ಹೈಸ್ಕೂಲು ಮಕ್ಕಳಿಗೆ ಒಳ್ಳೆಯ ಕೆಲಸ.

ತಡವಾದರೆ

ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಬೇಡಿ, "ದಡ್ಡ" ಎಂಬ ಮಾತು ಬರಲೇಬಾರದು. ಏಳು ತುಂಬಿದರೂ ಇವತ್ತು ಯಾವ ವಾರ ಎಂದು ಹೇಳಲಾಗದಿದ್ದರೆ, ಬೇರೆ ಮಾತುಗಳಲ್ಲೂ ಹಿಂದೆ ಬಿದ್ದಂತೆ ಕಂಡರೆ, ಮೊದಲು ಶಿಕ್ಷಕರ ಹತ್ತಿರ ಮಾತಾಡಿ. ಕಿವಿ ಸರಿಯಾಗಿ ಕೇಳುತ್ತಿದೆಯೇ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಎಷ್ಟೋ ಸಲ ತೊಂದರೆ ಇರುವುದು ಅಲ್ಲೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕೆಂಬ ನಿಯಮವಿದೆ. ತಂಡ ಯಾವತ್ತು ಬರುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಅಡಿಕೆ ಕೊಯ್ಲಿರಲಿ, ಶುಂಠಿ ಕೆಲಸವಿರಲಿ, ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.